ಮರು: ‘ಲೇಜಿ ಐ’ಗೆ ಕನ್ನಡ ಪದ ಬೇಕು, ನಾಳೆ ಬೆಳಿಗ್ಗೆ ಮುದ್ರಣ

> ಶಾಲಾ ಮಕ್ಕಳ ಕಣ್ಣು ತಪಾಸಣೆಗೆ ಭಿತ್ತಿಪತ್ರ ಮಾಡುತ್ತಿದ್ದೇನೆ. ‘ಮಯೋಪಿಯಾ’ಗೆ ಸಮೀಪದೃಷ್ಟಿ ಎಂದು ಹಾಕಿದ್ದೇನೆ. ‘ಲೇಜಿ ಐ’ಗೆ ಮಂದದೃಷ್ಟಿ ಆದೀತೇ? ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು.

>> ಸೋಮಾರಿಗಣ್ಣು ಅನ್ನಿ, ಮುಗಿಯಿತು. ಅಚ್ಚಗನ್ನಡ ಇರುವಾಗ ಸಂಸ್ಕೃತ ಯಾಕೆ? ಆ ಸಮೀಪದೃಷ್ಟಿಯನ್ನೂ ಕಿತ್ತು ‘ಹತ್ತಿರನೋಟ’ ಮಾಡಿ.

ಸೋಮಾರಿಗಣ್ಣು ಬೇಡವೇ ಬೇಡ. ಇಂಗ್ಲಿಷಿನ ಪಡಿಯಚ್ಚು ಅಚ್ಚಗನ್ನಡ ಹೇಗಾದೀತು? ಅದಕ್ಕಿಂತ ಹೆಚ್ಚಾಗಿ, ಅದು ಮಗುವಿನ ಮೇಲೆ ಹೊರಿಸುವ ದೂರು. ನನ್ನ ತಂಗಿಯ ಮಗಳಿಗೆ ಐದನೇ ವಯಸ್ಸಿನಲ್ಲಿ ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ ಕಟ್ಟಿ, ಇನ್ನೊಂದಕ್ಕೆ ಕೆಲಸ ಕೊಟ್ಟಿದ್ದರು. ಮನೆಯಲ್ಲಿ ಅಜ್ಜಿ “ನೋಡೋಕೂ ಸೋಮಾರಿತನವೇನೇ?” ಎಂದು ಗದರುತ್ತಿದ್ದರು. ಆ ಗದರಿಕೆ ಹುಟ್ಟಿದ್ದೇ ಈ ಪದದಿಂದ.

ಮಂದದೃಷ್ಟಿಯೂ ಸಾಲದು. ಪೊರೆ ಬಂದ ಮುದುಕರಿಗೂ ಅದನ್ನೇ ಅನ್ನುತ್ತೇವೆ. ನಿಮ್ಮ ಭಿತ್ತಿಪತ್ರದ ಎರಡು ತೊಂದರೆಗಳೂ ಬೇರೆ ಬೇರೆ. ಸಮೀಪದೃಷ್ಟಿಯಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗಿ, ಬಿಂಬ ಅಕ್ಷಿಪಟಕ್ಕಿಂತ ಮುಂದೆಯೇ ಮೂಡುತ್ತದೆ. ಮೈನಸ್ ಕನ್ನಡಕ ಏರಿಸಿದರೆ ಕರಿಹಲಗೆ ತಿಳಿಯಾಗುತ್ತದೆ. ‘ಲೇಜಿ ಐ’ ತೊಂದರೆಯಲ್ಲಿ ಕಣ್ಣು ಕಳಿಸಿದ್ದನ್ನು ಬಳಸಿಕೊಳ್ಳಲು ಮಿದುಳು ಕಲಿತಿರುವುದಿಲ್ಲ. ಮೆಳ್ಳೆಗಣ್ಣೋ, ಎರಡು ಕಣ್ಣುಗಳ ಪವರಿನ ಅಂತರವೋ, ಹುಟ್ಟಿನಿಂದ ಬಂದ ಪೊರೆಯೋ ಇದಕ್ಕೆ ಕಾರಣ. ಸರಿಯಾದ ಕನ್ನಡಕ ಹಾಕಿದ ಮೇಲೂ ಅಕ್ಷರ ಮಸುಕೇ. ಎರಡನೆಯ ಕಣ್ಣು ಚೆನ್ನಾಗಿದ್ದರೆ ಮಗು ದೂರುವುದೂ ಇಲ್ಲ, ಮನೆಯವರಿಗೆ ತಿಳಿಯುವುದೂ ಇಲ್ಲ. ಏಳು ವರ್ಷದೊಳಗೆ ಹಿಡಿದರೆ ಚಿಕಿತ್ಸೆಗೆ ಫಲ ಹೆಚ್ಚು. ಪದ ತಪ್ಪಾದರೆ ತಾಯಿ ತಂದೆ “ಕನ್ನಡಕ ಕೊಡಿಸಿದೆವಲ್ಲ” ಎಂದು ಸುಮ್ಮನಾಗುತ್ತಾರೆ.

‘ಲೇಜಿ ಐ’ಗೆ ವೈದ್ಯರ ಹೆಸರು ಆಂಬ್ಲಿಯೋಪಿಯ. ಅದರ ಮೂಲ ಗ್ರೀಕಿನ ‘ಆಂಬ್ಲಿಸ್’, ಅಂದರೆ ಮೊಂಡು, ಹರಿತವಿಲ್ಲದ್ದು. ಸೋಮಾರಿತನದ ಸುಳಿವೇ ಅಲ್ಲಿಲ್ಲ. ‘ಮೊಂಡುಗಣ್ಣು’ ಎನ್ನೋಣವೆಂದು ನನಗೆ ಬಹಳ ದಿನದ ಆಸೆ. ಇರುಳುಗಣ್ಣು, ಮೆಳ್ಳೆಗಣ್ಣುಗಳ ಸಾಲಿನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಹಟ ಮಾಡುವ ಹುಡುಗನನ್ನೂ ಮೊಂಡ ಎನ್ನುತ್ತೇವಲ್ಲ, ಮತ್ತೆ ಅದೇ ದೂರು. ಹಾಗಾಗಿ ‘ಪಳಗದ ಕಣ್ಣು’ ಎನ್ನಿ. ಪಳಗಿದ ಕೈ ಎಂಬ ಮಾತು ಎಲ್ಲರ ಬಾಯಲ್ಲಿದೆ. ಪಳಗದ್ದನ್ನು ಪಳಗಿಸಬಹುದು ಎಂಬ ಭರವಸೆಯೂ ಪದದೊಳಗೇ ಇದೆ. ಜೊತೆಗೆ ಆಂಬ್ಲಿಯೋಪಿಯ ಎಂದೂ ಇರಲಿ, ವೈದ್ಯರ ಚೀಟಿಯಲ್ಲಿ ಬರುವುದು ಅದೇ.

‘ಹತ್ತಿರನೋಟ’ ಕೈಬಿಡಿ. ಸಮೀಪದೃಷ್ಟಿ ಶಾಲೆಯ ಪಾಠದಲ್ಲಿದೆ, ಮಕ್ಕಳಿಗೆ ಗೊತ್ತು. ‘ದೋಷ’ ಮಾತ್ರ ಸೇರಿಸಿ: ದೂರದೃಷ್ಟಿ ಹೊಗಳಿಕೆಯೂ ಆಗಿರುವ ಭಾಷೆ ನಮ್ಮದು. ಬೇರೆ ಕಡೆಯಿಂದ ಬಂದ ಪದವೆಂದರೆ ಉರಿದುಬೀಳುವವರು ಮೂಗಿನ ಮೇಲಿರುವುದನ್ನೇ ನೋಡಲಿ. ಕನ್ನಡಕದ ಹೆಸರುಗಳಲ್ಲಿ ಚಷ್ಮಾ ಬಂದದ್ದು ಕಣ್ಣು ಎಂಬರ್ಥದ ಪಾರಸಿ ಪದದಿಂದ, ಚಾಳೀಸು ನಲವತ್ತರ ಎಣಿಕೆಯಿಂದ, ಸುಲೋಚನ ಸಂಸ್ಕೃತದಿಂದ. ಚಷ್ಮಾ ಎನ್ನುವ ಹುಬ್ಬಳ್ಳಿಯವರ ಕನ್ನಡ ಯಾವುದರಲ್ಲಿ ಕಡಿಮೆ? ಜನ ಬಳಸಿ ಒಪ್ಪಿದ್ದು ಕನ್ನಡ. ಒಪ್ಪಿದ ಪದ ಇಲ್ಲದ ಕಡೆ ಕಟ್ಟೋಣ, ಇದ್ದದ್ದನ್ನು ಕೀಳುವುದು ಬೇಡ.

ಅಚ್ಚಿಗೆ ಇಷ್ಟು ಸಾಕು: “ದೂರದ್ದು ಮಸುಕೇ? ಸಮೀಪದೃಷ್ಟಿ ದೋಷ ಇರಬಹುದು, ಕನ್ನಡಕ ಬೇಕಾದೀತು. ಕನ್ನಡಕ ಹಾಕಿದರೂ ಒಂದು ಕಣ್ಣು ಮಸುಕೇ? ಅದು ಪಳಗದ ಕಣ್ಣು, ಆಂಬ್ಲಿಯೋಪಿಯ, ಇರಬಹುದು. ಏಳು ವರ್ಷ ತುಂಬುವ ಮೊದಲೇ ತೋರಿಸಿ.”