ಅಪ್‌ಡೇಟ್: ಕೆಟಲ್‌ಬೆಲ್, ಬಾರ್ಬೆಲ್ ಮತ್ತು ಕೊಡಚಾದ್ರಿ

ಗುಡ್ಡ ಹತ್ತೋಕೆ ದಮ್ಮು ಬೇಕು, ಭಾರ ಎತ್ತುವ ಶಕ್ತಿಯೂ ಇಳಿಯಬಾರದು, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಎರಡನ್ನೂ ಬೇರೆ ಬೇರೆ ದಿನ ಮಾಡಿ ಅಂದಿರಿ. ತುಂಬಾ ಥ್ಯಾಂಕ್ಸ್, ನಿಜಕ್ಕೂ ಫಲ ಸಿಕ್ಕಿದೆ.

ಸೋಮವಾರ, ಗುರುವಾರ ಬಾರ್ಬೆಲ್, ಅಂದರೆ ಎರಡೂ ತುದಿಗೆ ತೂಕ ಹಾಕುವ ಉದ್ದ ಸರಳು. ಅದರಲ್ಲಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕುಕ್ಕರಿಸಿ ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವುದು). ಸೆಟ್‌ಗಳ ನಡುವೆ ಪೂರ್ತಿ 3 ನಿಮಿಷ ವಿಶ್ರಾಂತಿ. ಇಲ್ಲಿ ಅವಸರ ಮಾಡಿದರೆ ಅದೂ ದಮ್ಮಿನ ವ್ಯಾಯಾಮವೇ ಆಗಿಬಿಡುತ್ತದೆ, ಅಲ್ವಾ? ವ್ಯಾಯಾಮ ಸಂಶೋಧಕ ರಾಬರ್ಟ್ ಹಿಕ್ಸನ್ ಅವರ 1980ರ ಅಧ್ಯಯನದಲ್ಲೂ ದಮ್ಮಿನ ವ್ಯಾಯಾಮ, ಭಾರ ಎತ್ತುವುದು ಎರಡನ್ನೂ ಜೋರಾಗಿ ಮಾಡಿದವರ ಶಕ್ತಿ ಕೊನೆಯ ವಾರಗಳಲ್ಲಿ ಏರಲಿಲ್ಲ.

ಮಂಗಳವಾರ, ಶನಿವಾರ 16 ಕೆಜಿ ಕೆಟಲ್‌ಬೆಲ್, ಅಂದರೆ ಹಿಡಿ ಇರುವ ಕಬ್ಬಿಣದ ಗುಂಡು. ಪ್ರತಿ ನಿಮಿಷದ ಶುರುವಿಗೆ 15 ಸ್ವಿಂಗ್ (ಗುಂಡನ್ನು ಕಾಲುಗಳ ನಡುವಿಂದ ಮುಂದಕ್ಕೆ ಬೀಸುವುದು), ಉಳಿದ ಹೊತ್ತು ಉಸಿರು ಸುಧಾರಿಸಿಕೊಳ್ಳುವುದು. ಸೊಂಟವನ್ನು ಹಿಂದಕ್ಕೆ ತಳ್ಳಿ ರಪ್ಪನೆ ನೆಟ್ಟಗಾದರೆ ಗುಂಡು ತಾನಾಗಿ ಎದೆಮಟ್ಟಕ್ಕೆ ಬರುತ್ತದೆ, ತೋಳಿಂದ ಎಳೆಯಬೇಕಿಲ್ಲ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಓಡೋದು ಕನಸಿನ ಮಾತು. ಜಗಲಿಯಲ್ಲೇ ಇದು ಮುಗಿಯುತ್ತದೆ. ಆದರೆ ತೇವಕ್ಕೆ ಹಿಡಿ ಜಾರುತ್ತದೆ, ಕೈಗೆ ಚಾಕ್ ಪುಡಿ ಬೇಕೇ ಬೇಕು.

ಮಳೆ ಬಿಟ್ಟ ಮೇಲೆ 1,343 ಮೀಟರ್ ಎತ್ತರದ ಕೊಡಚಾದ್ರಿ ಹತ್ತಿದೆ. ಕಡಿದಾದ ಏರಿನಲ್ಲೂ ಮಾತಾಡುತ್ತಾ ನಡೆಯೋಕೆ ಆಯಿತು. ಡೆಡ್‌ಲಿಫ್ಟ್ ಭಾರ ಒಂಚೂರೂ ಇಳಿದಿಲ್ಲ. ಇನ್ನು 20 ಕೆಜಿ ಗುಂಡು ತರಬೇಕು.