ಅಡಿಕೆ ದರ ಹೇಳುವ ಏಜೆಂಟ್ ತಪ್ಪು ಟೂಲ್ ಕರೆಯುತ್ತಿದೆ. ಡಿಸ್ಕ್ರಿಪ್ಷನ್ ಹೇಗೆ ಬರೆಯಲಿ?

ಗೋಟಡಿಕೆ:

ನಮಸ್ಕಾರ. ನಾನು ಶಿರಸಿ ಕಡೆಯವನು, ಮನೆಯಿಂದಲೇ ಪ್ರೋಗ್ರಾಮಿಂಗ್ ಕೆಲಸ. ಊರಿನ ಬೆಳೆಗಾರರಿಗಾಗಿ ಅಡಿಕೆ ದರ ಹೇಳುವ ಸಣ್ಣ ಏಜೆಂಟ್ (ಪ್ರಶ್ನೆಗೆ ತಕ್ಕ ಟೂಲ್ ಕರೆದು ಉತ್ತರಿಸುವ ಎಐ ಪ್ರೋಗ್ರಾಂ) ಮಾಡುತ್ತಿದ್ದೇನೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡಬೇಕು. ಎರಡು ಟೂಲ್ ಬರೆದಿದ್ದೇನೆ, ಅಂದರೆ ಮಾಡೆಲ್ ಕರೆಯಬಹುದಾದ ಫಂಕ್ಷನ್‌ಗಳು. ಅವುಗಳ ಹೆಸರು ಮತ್ತು ಡಿಸ್ಕ್ರಿಪ್ಷನ್ (ವಿವರಣೆ) ಹೀಗಿವೆ:

ಗೆಟ್_ಪ್ರೈಸ್: "ಅಡಿಕೆ ದರ ಕೊಡುತ್ತದೆ."
ಗೆಟ್_ರೇಟ್_ಡೇಟಾ: "ಅಡಿಕೆ ದರದ ಮಾಹಿತಿ ಕೊಡುತ್ತದೆ."

ಮೊದಲನೆಯದು ಇವತ್ತಿನ ದರಕ್ಕೆ, ಎರಡನೆಯದು ಹಳೆಯ ದರಕ್ಕೆ. ಇವತ್ತಿನದು ಕೇಳಿದರೂ ಎಷ್ಟೋ ಸಲ ಎರಡನೆಯದನ್ನೇ ಕರೆಯುತ್ತದೆ. ಅಪ್ಪ ಕೂತು "ಪುತ್ತೂರಿನ ಚಾಲಿಗೂ ನಮ್ಮ ಚಾಲಿಗೂ ಎಷ್ಟು ಫರಕು?" ಅಂತ ಕೇಳಿದರು (ಚಾಲಿ ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ). ನಮ್ಮದು ನೂರು ಪಟ್ಟು ಜಾಸ್ತಿ ಅಂತ ಬಂತು! ಆ ಕಡೆ ಕಿಲೋ ಲೆಕ್ಕ, ನಮ್ಮಲ್ಲಿ ಕ್ವಿಂಟಲ್ ಲೆಕ್ಕ, ಅಷ್ಟೇ.

ನನಗೆ ನಿಜವಾಗಿ ಭಯ ಆಗಿದ್ದು ಬೇರೆ ಕಾರಣಕ್ಕೆ. ಮಾರುಕಟ್ಟೆಗೆ ರಜೆ ಇದ್ದ ದಿನ ಕೇಳಿದಾಗ "ಇವತ್ತು ಚಾಲಿ ಮಾರಾಟವಾಗಿಲ್ಲ, ಬೇಡಿಕೆ ಕುಸಿದಿದೆ" ಅಂತ ಉತ್ತರ ಬಂತು. ಮನೆಯಲ್ಲಿ ಮೂಟೆ ಇಟ್ಟುಕೊಂಡು ಕಾಯುತ್ತಿರುವವರು ಇದನ್ನು ಓದಿದರೆ ಏನಾಗಬೇಕು ಹೇಳಿ.

"ಸರಿಯಾದ ಟೂಲ್ ಆರಿಸು" ಅಂತ ಸಿಸ್ಟಮ್ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಮೊದಲೇ ಕೊಡುವ ಸೂಚನೆ) ಮೂರು ಸಲ ಬರೆದೆ. ಪ್ರಯೋಜನ ಆಗಲಿಲ್ಲ. ಮಾಡೆಲ್ ಬದಲಿಸಬೇಕಾ?

ಸಂಜೆಬಸ್ಸು:

ಮಾಡೆಲ್ ಬದಲಿಸಬೇಡಿ. ಆ ಎರಡು ವಾಕ್ಯ ಓದಿದರೆ ನನಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಕೈಪಿಡಿ:

ಗೋಟಡಿಕೆ ಅವರೇ, ನಾನು ಹಲವು ವರ್ಷ ಸಾಫ್ಟ್‌ವೇರ್‌ಗಳಿಗೆ ಮ್ಯಾನುಯಲ್ ಬರೆದವಳು. ಈಗ ಟೂಲ್ ಡಿಸ್ಕ್ರಿಪ್ಷನ್ ಬರೆಯುತ್ತೇನೆ. ಎರಡೂ ಒಂದೇ ಜಾತಿಯ ಕೆಲಸ. ಒಂದು ವ್ಯತ್ಯಾಸ ಇದೆ: ಮನುಷ್ಯರು ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳುತ್ತಿದ್ದರು.

ಮಾಡೆಲ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲಿನ ಹೆಸರು, ಡಿಸ್ಕ್ರಿಪ್ಷನ್, ಪ್ಯಾರಾಮೀಟರ್‌ಗಳ ಸ್ಕೀಮಾ (ಯಾವ ಮಾಹಿತಿ ಯಾವ ರೂಪದಲ್ಲಿ ಕೊಡಬೇಕು ಅನ್ನುವ ಪಟ್ಟಿ), ಇಷ್ಟೇ. ಶಿರಸಿಯಲ್ಲಿ ಕ್ವಿಂಟಲ್ ಲೆಕ್ಕ ಅನ್ನೋದು ನಿಮ್ಮ ತಲೆಯಲ್ಲಿದೆ, ಅಪ್ಪನ ತಲೆಯಲ್ಲಿದೆ. ಟೂಲಿನಲ್ಲಿ ಎಲ್ಲೂ ಇಲ್ಲ. ಕ್ಲಾಡ್ ಮಾಡೆಲ್ ತಯಾರಿಸುವ ಆ್ಯಂತ್ರೋಪಿಕ್‌ನವರ ಡಾಕ್ಯುಮೆಂಟೇಶನ್ ಒಂದೊಂದು ಟೂಲಿಗೂ ಕನಿಷ್ಠ 3-4 ವಾಕ್ಯ ಬರೆಯಿರಿ ಅನ್ನುತ್ತದೆ. ನಿಮ್ಮದು ಮೂರು-ನಾಲ್ಕೇ ಪದ.

ನಾನಾಗಿದ್ದರೆ ಮೊದಲನೆಯದನ್ನು ಹೀಗೆ ಬರೆಯುತ್ತಿದ್ದೆ:

ಇವತ್ತಿನ_ಅಡಿಕೆ_ದರ: "ಒಂದು ಮಾರುಕಟ್ಟೆಯಲ್ಲಿ ಒಂದು ಬಗೆಯ ಅಡಿಕೆಗೆ ಇವತ್ತು ಸಿಕ್ಕ ಕನಿಷ್ಠ ಮತ್ತು ಗರಿಷ್ಠ ದರ ಕೊಡುತ್ತದೆ. ದರ ಯಾವಾಗಲೂ 100 ಕಿಲೋದ ಕ್ವಿಂಟಲ್‌ಗೆ, ರೂಪಾಯಿಯಲ್ಲಿ. ನಿನ್ನೆಯ ಅಥವಾ ಹಿಂದಿನ ದರಕ್ಕೆ ಇದನ್ನು ಬಳಸಬೇಡ, ಹಳೆಯ_ಅಡಿಕೆ_ದರ ಬಳಸು. ಮಾರುಕಟ್ಟೆಗೆ ರಜೆ ಇದ್ದರೆ 'ರಜೆ' ಅಂತ ಬರುತ್ತದೆ. ಆಗ ಬೇಡಿಕೆಯ ಬಗ್ಗೆ ಏನೂ ಹೇಳಬೇಡ. ಹಿಂದಿನ ವ್ಯಾಪಾರದ ದಿನದ ದರ ತೋರಿಸಲೇ ಅಂತ ಕೇಳು."

ಕಿಲೋ ದರವನ್ನು ಕ್ವಿಂಟಲ್‌ಗೆ ತರುವ ಲೆಕ್ಕವನ್ನು ಮಾಡೆಲ್‌ಗೆ ಬಿಡಬೇಡಿ. ಕೋಡಿನಲ್ಲೇ ಮಾಡಿ ಕಳಿಸಿ. ಫೀಲ್ಡ್ ಹೆಸರಿನಲ್ಲೇ 'ಕ್ವಿಂಟಲ್_ದರ' ಅಂತ ಇರಲಿ.

ರಜೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ನಿಮ್ಮ ಟೂಲ್ ಆ ದಿನ ಖಾಲಿ ಪಟ್ಟಿ ಕಳಿಸಿರಬೇಕು, ಅಲ್ವಾ? ಖಾಲಿ ಪಟ್ಟಿಗೆ ಹತ್ತು ಅರ್ಥ ಇರಬಹುದು. ರಜೆ ಇರಬಹುದು, ಆ ಬಗೆ ಆವಕವೇ ಆಗದಿರಬಹುದು, ಹೆಸರು ತಪ್ಪಿರಬಹುದು, ಸರ್ವರ್ ಬಿದ್ದಿರಬಹುದು. ಯಾವುದು ಅಂತ ಹೇಳದಿದ್ದರೆ ಮಾಡೆಲ್ ತಾನೇ ಒಂದು ಕಾರಣ ಹೊಂದಿಸಿಬಿಡುತ್ತದೆ. ನಾನು ಒಂದು ಕ್ಲಿನಿಕ್‌ಗೆ ಮಾಡಿಕೊಟ್ಟ ಏಜೆಂಟ್, ಖಾಲಿ ಪಟ್ಟಿ ನೋಡಿ "ಡಾಕ್ಟರ್ ಈ ವಾರ ಬರುವುದಿಲ್ಲ" ಅಂದಿತ್ತು. ಡಾಕ್ಟರ್ ಒಳಗೇ ಕೂತಿದ್ದರು. ಅದನ್ನು ನಂಬಿ ಒಬ್ಬ ವಯಸ್ಸಾದವರು ಮನೆಗೆ ಹಿಂತಿರುಗಿದರು. ಅವತ್ತಿನಿಂದ ಫಲಿತಾಂಶ ಇಲ್ಲದಿದ್ದರೆ ಏಕೆ ಇಲ್ಲ ಅನ್ನೋದನ್ನು ಪದದಲ್ಲೇ ಕಳಿಸುತ್ತೇನೆ.

ಇನ್ನೊಂದು. 'ವೆರೈಟಿ' ಪ್ಯಾರಾಮೀಟರನ್ನು ಸುಮ್ನೆ ಏನು ಬೇಕಾದರೂ ಬರೆಯಬಹುದಾದ ಸ್ಟ್ರಿಂಗ್ ಅಂತ ಬಿಟ್ಟಿದ್ದೀರಾ? ಬಿಟ್ಟಿದ್ದರೆ ಎನಮ್ (ಇವಿಷ್ಟರಲ್ಲೇ ಆರಿಸಬೇಕು ಅನ್ನುವ ಪಟ್ಟಿ) ಹಾಕಿ: ಚಾಲಿ, ರಾಶಿ, ಬಿಳೆಗೋಟು, ಕೆಂಪುಗೋಟು, ತಟ್ಟಿಬೆಟ್ಟೆ. ಮಾಡೆಲ್ 'ಬಿಳಿ ಅಡಿಕೆ' ಅಂತ ಕಳಿಸುವ ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ. ಆ್ಯಂತ್ರೋಪಿಕ್‌ನವರು 2024ರ ಡಿಸೆಂಬರ್‌ನಲ್ಲಿ ತಮ್ಮದೇ ಅನುಭವ ಬರೆದಿದ್ದರು. ಅವರ ಕೋಡಿಂಗ್ ಏಜೆಂಟ್ ಬೇರೆ ಫೋಲ್ಡರ್‌ಗೆ ಹೋದ ಮೇಲೆ ಫೈಲಿನ ಅರ್ಧ ದಾರಿ ಕೊಟ್ಟು ತಪ್ಪು ಮಾಡುತ್ತಿತ್ತಂತೆ. ರೂಟ್‌ನಿಂದ ಪೂರ್ತಿ ದಾರಿ ಕೊಡಲೇಬೇಕು ಅಂತ ಟೂಲನ್ನೇ ಬದಲಿಸಿದರು, ತಪ್ಪು ನಿಂತಿತು. ಬೈದು ತಿದ್ದುವುದಕ್ಕಿಂತ ತಪ್ಪಾಗಲು ಜಾಗವೇ ಇಲ್ಲದ ಹಾಗೆ ಮಾಡುವುದು ಸುಲಭ.

ದಿನಾಂಕಕ್ಕೂ ಇದೇ ಮಾತು. 05/06 ಅಂದರೆ ನಮಗೆ ಜೂನ್ 5. ಅಮೆರಿಕದವರಿಗೆ ಮೇ 6. '2025-06-05, ವರ್ಷ-ತಿಂಗಳು-ದಿನ' ಅಂತ ಒಂದು ಉದಾಹರಣೆ ಕೊಟ್ಟುಬಿಡಿ.

ಏಳನೇತಿರುವು:

ಕೈಪಿಡಿಯವರು ಹೇಳಿದ್ದು ಒಪ್ಪುತ್ತೇನೆ, ಒಂದು ಎಚ್ಚರಿಕೆ. ಡಿಸ್ಕ್ರಿಪ್ಷನ್ ಪ್ರತಿ ಸಲವೂ ಮಾಡೆಲ್‌ಗೆ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಲೆಕ್ಕಕ್ಕೆ ಬರುತ್ತದೆ. ಅದೇ ಮಾತಿಗೆ ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಸಾಮಾನ್ಯವಾಗಿ ಟೋಕನ್ ಜಾಸ್ತಿ ಬೇಕು. ನಾನು ವಿವರಣೆಯನ್ನು ಇಂಗ್ಲಿಷ್‌ನಲ್ಲಿ ಬರೆದು, ಚಾಲಿ, ಗೋಟು ತರಹದ ಪದಗಳನ್ನು ಮಾತ್ರ ಕನ್ನಡ ಲಿಪಿಯಲ್ಲೇ ಇಡುತ್ತೇನೆ. ಬಳಸುವವರು ಟೈಪ್ ಮಾಡುವುದು ಅದನ್ನೇ ತಾನೇ. ಎರಡು ಟೂಲಿಗೆ ತೊಂದರೆ ಇಲ್ಲ. ಮೂವತ್ತಾದಾಗ ಯೋಚನೆ ಮಾಡಬೇಕಾಗುತ್ತದೆ.

ಕೈಪಿಡಿ:

ಹೌದು, ಲಿಪಿಯ ಮಾತು ಒಳ್ಳೆಯದು. ಗೋಟಡಿಕೆ ಅವರೇ, ಬರೆದ ಮೇಲೆ ಡಿಸ್ಕ್ರಿಪ್ಷನ್ ಮಾತ್ರ ಪ್ರಿಂಟ್ ಹಾಕಿ ಅಪ್ಪನ ಕೈಗೆ ಕೊಡಿ. ಕೋಡ್ ಬೇಡ. "ಮೊನ್ನೆಯ ರಾಶಿ ದರ ಬೇಕಾದರೆ ಇದರಲ್ಲಿ ಯಾವುದು?" ಅಂತ ಕೇಳಿ. ಅವರು ತಡವರಿಸಿದ ಕಡೆ ಮಾಡೆಲ್ ಕೂಡ ತಡವರಿಸುತ್ತದೆ.

ಗೋಟಡಿಕೆ:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಕೂತು ಎರಡನ್ನೂ ಹೊಸದಾಗಿ ಬರೆದೆ. ಅಪ್ಪನಿಗೆ ಓದಲು ಕೊಟ್ಟೆ. ಟೂಲ್ ಆರಿಸುವುದರಲ್ಲಿ ಅವರು ತಡವರಿಸಲಿಲ್ಲ. ಆದರೆ 'ಕನಿಷ್ಠ, ಗರಿಷ್ಠ' ಸಾಲದು ಅಂದರು. ಗರಿಷ್ಠ ಸಿಗುವುದು ಯಾರದೋ ಒಂದು ಒಳ್ಳೆಯ ಲಾಟಿಗೆ, ಹೆಚ್ಚಿನವರಿಗೆ ಎಷ್ಟಕ್ಕೆ ಹೋಯಿತು ಅನ್ನೋದೇ ನಮಗೆ ಬೇಕಾದದ್ದು ಅಂದರು. ಅದೇ ಮೋಡಲ್ ದರ (ಹೆಚ್ಚಿನ ಮಾಲು ಮಾರಾಟವಾದ ದರ). ಅದು ನನ್ನ ಡೇಟಾದಲ್ಲಿ ಇತ್ತು, ನಾನೇ ಕಳಿಸುತ್ತಿರಲಿಲ್ಲ. ಅದನ್ನೂ ಸೇರಿಸಿದೆ.

ರಜೆಯ ದಿನದ ಪ್ರಶ್ನೆಗೆ ಈಗ "ಇವತ್ತು ಮಾರುಕಟ್ಟೆಗೆ ರಜೆ. ಶನಿವಾರದ ದರ ತೋರಿಸಲೇ?" ಅಂತ ಬರುತ್ತಿದೆ. ಪುತ್ತೂರಿನ ಲೆಕ್ಕವೂ ಸರಿಯಾಯಿತು.

ಒಂದು ಉಳಿದಿದೆ. ಊರು ಹೇಳದೆ "ಬೆಟ್ಟೆ ರೇಟು ಎಷ್ಟು?" ಅಂದರೆ ಶಿವಮೊಗ್ಗದ ಬೆಟ್ಟೆಯನ್ನೂ ಕೊಡುತ್ತದೆ, ನಮ್ಮ ತಟ್ಟಿಬೆಟ್ಟೆಯನ್ನೂ ಕೊಡುತ್ತದೆ. ಒಂದೊಂದು ಸಲ ಒಂದೊಂದು. 'ಮಾರುಕಟ್ಟೆ' ಕಡ್ಡಾಯ ಅಂತ ಮಾಡಿ, "ಕೇಳಿದವರು ಊರು ಹೇಳದಿದ್ದರೆ ಊಹಿಸಬೇಡ, ಯಾವ ಮಾರುಕಟ್ಟೆ ಅಂತ ಕೇಳು" ಅಂತ ಇವತ್ತು ಸೇರಿಸುತ್ತೇನೆ. ಸಂಜೆ ಅಪ್ಪ ತೋಟದಿಂದ ಬಂದ ಮೇಲೆ ಇನ್ನೊಂದು ಸುತ್ತು ಕೇಳಿಸಿ ನೋಡುತ್ತೇನೆ.