ಟ್ರಾನ್ಸಿಷನ್: ಈಜಿನಿಂದ ಸೈಕಲ್ಲಿಗೆ ಬರುವ ಜಾಗಕ್ಕೆ ಏನನ್ನೋಣ?

ಬಲ್ಲವರಲ್ಲಿ ಒಂದು ಕೇಳಿಕೆ. ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಬರುವ ಟ್ರಯಥ್ಲಾನ್ ಸ್ಪರ್ಧೆಯಲ್ಲಿ, ಒಂದು ಮುಗಿಸಿ ಇನ್ನೊಂದಕ್ಕೆ ದಾಟುವ 'ಟ್ರಾನ್ಸಿಷನ್' ಅನ್ನುವುದಕ್ಕೆ ಓದಿದ ಕೂಡಲೇ ತಿಳಿಯುವಂಥ ಕನ್ನಡದ ಮಾತು ಬೇಕಾಗಿದೆ.

ಸಂದರ್ಭ ಹೀಗಿದೆ. ನನ್ನ ತಂಗಿಯ ಮಗಳು ದಾವಣಗೆರೆಯಿಂದ ಮಲೇಷ್ಯಾದ ಲಂಕಾವಿ ದ್ವೀಪಕ್ಕೆ ಐರನ್‌ಮ್ಯಾನ್ ಎಂಬ ಟ್ರಯಥ್ಲಾನ್‌ಗೆ ಹೊರಟಿದ್ದಾಳೆ. ಕಡಲಲ್ಲಿ 3.8 ಕಿ.ಮೀ. ಈಜು, ಆಮೇಲೆ 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ. ಎಲ್ಲವೂ ಒಂದೇ ದಿನ, 17 ಗಂಟೆಯ ಗಡುವಿನೊಳಗೆ. "ಮಾವ, ನಮ್ಮೂರಿನವರಿಗೆ ಅರ್ಥವಾಗೋ ಹಂಗೆ ಒಂದು ಪುಟ ಬರೆದುಕೊಡು" ಎಂದಳು. ಕೂತರೆ ಸಾಲಿಗೊಂದು ತೊಡಕು.

ಸಣ್ಣವನ್ನು ಮೊದಲು ಮುಗಿಸುತ್ತೇನೆ. 'ಐರನ್‌ಮ್ಯಾನ್' ಸ್ಪರ್ಧೆಯ ಹೆಸರು, ಹಾಗೇ ಇರಲಿ. 'ಉಕ್ಕಿನ ಮನುಷ್ಯ' ಅಂದರೆ ನಮಗೆ ಸರ್ದಾರ್ ಪಟೇಲರೇ. 'ಬೈಕ್' ಮಾತ್ರ ಖಂಡಿತ ಬೇಡ. ಈ ಆಟದವರ ಬಾಯಲ್ಲಿ ಸೈಕಲ್ಲಿಗೆ ಬೈಕ್ ಅಂತಲೇ ರೂಢಿ, ಆದರೆ ನಮ್ಮಲ್ಲಿ ಬೈಕ್ ಎಂದರೆ ಪೆಟ್ರೋಲ್ ಹಾಕಿಸುವಂಥದ್ದು. 'ಬೈಕನ್ನು ವಿಮಾನದಲ್ಲಿ ಒಯ್ದಳು' ಎಂದು ಬರೆದರೆ ಪಿ.ಬಿ. ರಸ್ತೆಯಲ್ಲಿ ಯಾರೂ ನಂಬುವುದಿಲ್ಲ.

ಕಡಲಲ್ಲೋ ಕೆರೆಯಲ್ಲೋ ಈಜುವುದಕ್ಕೆ 'ತೆರೆದ ನೀರಿನ ಈಜು' ಎಂದು ಯಾರೋ ಬರೆದಿದ್ದನ್ನು ನೋಡಿದೆ. ನೀರನ್ನು ಮುಚ್ಚಿಟ್ಟವರು ಯಾರು? ಅದೂ ಅಲ್ಲದೆ ಕಡಲಿನ ಮಾತಿನಲ್ಲಿ 'ತೆರೆ' ಬಂದರೆ ಅಲೆ ಎಂದೇ ಓದಿಸಿಕೊಳ್ಳುತ್ತದೆ. ಭದ್ರಾ ನಾಲೆಯಲ್ಲಿ ಈಜು ಕಲಿತ ಊರಿನವರು ನಾವು; ನಾಲೆ ಈಜು, ಕೆರೆ ಈಜು, ಕಡಲ ಈಜು ಎಂದರೆ ಸಾಕಲ್ಲ.

'ಚೆಕ್ ಇನ್' ಇನ್ನೊಂದು. ಸೈಕಲ್ಲಿನ ಗಾಲಿ ಬಿಚ್ಚಿ, ಪೆಡಲ್ ಕಳಚಿ, ಹ್ಯಾಂಡಲ್ ತಿರುಗಿಸಿ ಪೆಟ್ಟಿಗೆಗೆ ತುಂಬಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಮ್ಮೆ ಚೆಕ್ ಇನ್. ಲಂಕಾವಿಯಲ್ಲಿ ಮತ್ತೆ ಜೋಡಿಸಿ, ಸ್ಪರ್ಧೆಯ ಹಿಂದಿನ ದಿನವೇ ಸಂಘಟಕರ ಬಳಿ ನಿಲ್ಲಿಸಿ ಬರುವುದೂ ಚೆಕ್ ಇನ್. ಎರಡಕ್ಕೂ 'ಒಪ್ಪಿಸು' ಹೊಂದುತ್ತದೆ: ಪೆಟ್ಟಿಗೆ ಒಪ್ಪಿಸಿದಳು, ಸೈಕಲ್ ಒಪ್ಪಿಸಿದಳು. ಪವರ್ ಬ್ಯಾಂಕನ್ನು ಹಾಗೆ ಒಪ್ಪಿಸುವಂತಿಲ್ಲ, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. 'ಒಪ್ಪಿಸು' ಎಂಬ ಮಾತಿನಲ್ಲಿ ನನಗೆ ಅನುಮಾನವಿಲ್ಲ, ಒಪ್ಪದವರು ಹೇಳಿ.

ಈಗ ಟ್ರಾನ್ಸಿಷನ್. ಈಜಿ ದಡಕ್ಕೆ ಬಂದವರು ಸೈಕಲ್ ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಓಡುತ್ತಾರೆ. ತಮ್ಮ ಚೀಲ ಹುಡುಕಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ತಳ್ಳಿಕೊಂಡು ಹೋಗಿ ಗೆರೆ ದಾಟಿದ ಮೇಲೆಯೇ ಹತ್ತಬೇಕು. ಸೈಕಲ್ ಮುಗಿದಾಗ ಇದೇ ಕೆಲಸ ತಿರುವುಮುರುವು. ಅಷ್ಟು ಹೊತ್ತೂ ಗಡಿಯಾರ ಓಡುತ್ತಲೇ ಇರುತ್ತದೆ, ಅದೂ ಒಟ್ಟು ಸಮಯಕ್ಕೆ ಸೇರುತ್ತದೆ. ಹೀಗೆ ಒಂದೇ ಶಬ್ದ ಜಾಗ, ಕೆಲಸ, ಹೊತ್ತು ಮೂರನ್ನೂ ಹೇಳುತ್ತದೆ. ನನ್ನ ತೊಡಕು ಇರುವುದೇ ಇಲ್ಲಿ.

'ಪರಿವರ್ತನಾ ವಲಯ' ಎಂದು ಬರೆಯಬಹುದು. ದಾವಣಗೆರೆಯಲ್ಲಿ ಪರಿವರ್ತನೆ ಎಂದರೆ ಹೊಲ ಸೈಟಾಗುವುದು. 'ಸಂಕ್ರಮಣ' ಅರ್ಥಕ್ಕೆ ಚೆನ್ನಾಗಿ ಕೂರುತ್ತದೆ, ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದೂ ಅದೇ ತಾನೆ. ಆದರೆ ಓದುಗನ ಕೈಗೆ ಎಳ್ಳುಬೆಲ್ಲ ಬರುತ್ತದೆ, ಹೆಲ್ಮೆಟ್ ಬರುವುದಿಲ್ಲ. 'ಸಂಧಿ' ಬಗ್ಗೆ ನನಗೆ ಒಳಗೊಳಗೇ ಆಸೆಯಿತ್ತು. ಈಜುಗನ್ನಡಕ ಹೋಗುವುದು ಲೋಪ, ಬೂಟು ಬರುವುದು ಆಗಮ, ಈಜುಟೋಪಿಯ ಜಾಗಕ್ಕೆ ಹೆಲ್ಮೆಟ್ ಬರುವುದು ಆದೇಶ. ಕನ್ನಡ ಮೇಷ್ಟ್ರುಗಳು ಮಾತ್ರ ಓದುವ ಬರಹವಾಗಿದ್ದರೆ ಬಿಡುತ್ತಿರಲಿಲ್ಲ. ಉಳಿದವರಿಗೆ ಅದು ಎರಡು ಗೋಡೆಗಳ ನಡುವಿನ ಸಂದಿಯಾಗಿಯೇ ಕಾಣುತ್ತದೆ.

ಬಳಕೆಯಲ್ಲಿ ಇರುವುದು 'ಬದಲಾಯಿಸು'. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದು ದುರ್ಗದ ಕಡೆ ಹೋಗುವವರು 'ಗಾಡಿ ಬದಲಾಯಿಸಬೇಕು' ಎನ್ನುತ್ತಾರೆ. ಇವಳೂ ಕೌಲಾಲಂಪುರದಲ್ಲಿ ವಿಮಾನ ಬದಲಾಯಿಸುತ್ತಾಳೆ. ಕ್ರಿಯಾಪದವಾಗಿ ಬಹಳ ಚೆಂದ. ನಾಮಪದ ಮಾಡಹೊರಟರೆ 'ಬದಲಿ' ಆಗುತ್ತದೆ, ಆಟದ ಪುಟದಲ್ಲಿ ಬದಲಿ ಎಂದರೆ ಬೇರೊಬ್ಬರ ಜಾಗಕ್ಕೆ ಇಳಿದ ಆಟಗಾರ. 'ಬದಲಿ ತಾಣ' ಎಂದು ಓದಿದವರು, ಸ್ಪರ್ಧೆಯನ್ನೇ ಬೇರೆ ಊರಿಗೆ ಸಾಗಿಸಿದರೇ ಎಂದು ಕೇಳಿಯಾರು.

ಸದ್ಯಕ್ಕೆ ನಾನು 'ಹೊರಳು' ಎಂಬಲ್ಲಿ ನಿಂತಿದ್ದೇನೆ. ಜಾಗಕ್ಕೆ 'ಹೊರಳುತಾಣ'. ಹೊತ್ತಿಗೆ ಹೊಸ ಪದ ಕಟ್ಟದೆ 'ಈಜಿನಿಂದ ಸೈಕಲ್ಲಿಗೆ ಹೊರಳಲು ಏಳು ನಿಮಿಷ ಹಿಡಿಯಿತು' ಎಂದು ವಾಕ್ಯದಲ್ಲೇ ಹೇಳಿಬಿಡುವುದು. ಈಜು, ಸೈಕಲ್, ಓಟಗಳನ್ನು 'ಹಂತ' ಎನ್ನದೆ 'ಮಜಲು' ಎಂದಿದ್ದೇನೆ; ದೂರದ ದಾರಿಯ ಒಂದೊಂದು ಪಾಲಿಗೆ ಹಳಬರು ಬಳಸುತ್ತಿದ್ದ ಪದ, ಇಲ್ಲಿಗೆ ಹೇಳಿ ಮಾಡಿಸಿದಂತಿದೆ.

ಅಳುಕು ಇರುವುದು ಒಂದೇ. ನಮ್ಮ ಕಡೆ 'ಹೊರಳು' ಅಂದರೆ ಮೊದಲು ನೆನಪಾಗುವುದು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಇಲ್ಲವೇ ಮಕ್ಕಳು ಮಣ್ಣಲ್ಲಿ ಹೊರಳಾಡುವುದು. ಮೈಸೂರು, ಕರಾವಳಿ, ಧಾರವಾಡದ ಕಡೆಯವರಿಗೆ 'ಬೇರೆ ದಿಕ್ಕಿಗೆ ತಿರುಗು' ಎಂಬ ಅರ್ಥ ಸಲೀಸಾಗಿ ಬರುತ್ತದೆಯೇ? ಹೊಲದಲ್ಲಿ ನೇಗಿಲು ಸಾಲು ಮುಗಿಸಿ ತಿರುಗುವ ಜಾಗಕ್ಕೆ ನಿಮ್ಮೂರಿನಲ್ಲಿ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ, 'ಹೊರಳುತಾಣ'ವನ್ನು ಅಳಿಸಲು ನನಗೇನೂ ಬೇಸರವಿಲ್ಲ.